ಮೂರನೇ ಕೌಂಟರಿನ ಕ್ಷಮೆ

ಮೈಸೂರಿನ ಕಚೇರಿಗಳಲ್ಲಿ ಸಾರ್ವಜನಿಕರ ಕ್ಷಮೆ ಕೇಳುವ ಪದ್ಧತಿ ಹಿಂದೆ ಇರಲಿಲ್ಲ. ಈಗ ಒಂದು ಕಚೇರಿಯಲ್ಲಿ ಇದೆ. ಕೆಲಸದ ದಿನಗಳಲ್ಲಿ, ಊಟದ ವಿರಾಮ ಬಿಟ್ಟು, ಮೂರನೇ ಕೌಂಟರಿನಲ್ಲಿ ಕೇಳಲಾಗುತ್ತದೆ. ಇದು ಹೇಗೆ ಬಂತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಡೆದದ್ದು ಇಷ್ಟು.

ಬೋಗಾದಿಯ ಹೊಸ ಬಡಾವಣೆಯೊಂದರಲ್ಲಿ ಸಮನ್ವಿತಾ ಎಂಬ ಹುಡುಗಿ ಇದ್ದಳು. ಬಿ.ಎ. ಮುಗಿಸಿದ್ದಳು. ಜಪಾನಿ ಭಾಷೆ ಕಲಿಯುತ್ತಿದ್ದಳು. ಕಲಿಸುತ್ತಿದ್ದವರು ಲಕ್ಷ್ಮೀಪುರಂನ ರಮಾಮಣಿ ಟೀಚರ್. ಅವರು ಗಂಡನ ಕೆಲಸದ ನಿಮಿತ್ತ ಜಪಾನಿನಲ್ಲಿ ಬಹಳ ವರ್ಷ ಇದ್ದು ಬಂದವರು. ನಡುಮನೆಯಲ್ಲಿ ಪಾಠ. ಮೊದಲ ಪಾಠದಲ್ಲಿ ಅಕ್ಷರ ಇರಲಿಲ್ಲ. ಬಾಗುವುದಿತ್ತು.

“ಅಲ್ಲಿ ಬಾಯಿಗಿಂತ ಮುಂಚೆ ಸೊಂಟ ಮಾತಾಡ್ಬೇಕು ಕಣಮ್ಮ,” ಎಂದರು ಟೀಚರ್. “ಕೈ ಪಕ್ಕಕ್ಕೆ. ಬೆನ್ನು ನೆಟ್ಟಗೆ. ಮೊದಲು ದೊಡ್ಡವರು ಏಳ್ಲಿ. ನೀನು ಆಮೇಲೆ.”

ಸಮನ್ವಿತಾ ಶ್ರದ್ಧೆಯ ಹುಡುಗಿ. ಕಲಿತದ್ದನ್ನು ಊರಲ್ಲೆಲ್ಲ ಅಭ್ಯಾಸ ಮಾಡಿದಳು. ಊರು ಅದಕ್ಕೆ ಸಿದ್ಧವಿರಲಿಲ್ಲ. ಮೈಸೂರಿನಲ್ಲಿ ಹುಡುಗಿಯೊಬ್ಬಳು ಹಿರಿಯರ ಮುಂದೆ ಬಾಗಿದರೆ ಕಾಲು ಮುಟ್ಟುವುದಕ್ಕೆ ಎಂದೇ ಅರ್ಥ. ಅವಳು ಅರ್ಧ ಬಾಗುವಷ್ಟರಲ್ಲಿ ಎದುರಿದ್ದವರು ತಲೆಯ ಮೇಲೆ ಕೈಯಿಡುತ್ತಿದ್ದರು. ದೊಡ್ಡವರು ಎದ್ದ ಮೇಲೆ ಏಳಬೇಕು. ದೊಡ್ಡವರು ಬಾಗಿಯೇ ಇರಲಿಲ್ಲ. ಹೀಗಾಗಿ ಅವಳು ಹಾಗೇ ನಿಲ್ಲುತ್ತಿದ್ದಳು. ಆಶೀರ್ವಾದ ಮುಂದುವರಿಯುತ್ತಿತ್ತು. ಹಾಲಿಗೆ ಹೋದವಳು ಒಳ್ಳೆಯ ಗಂಡ, ದೀರ್ಘಾಯುಸ್ಸು, ಅವಳಿ ಮಕ್ಕಳು ಎಲ್ಲವನ್ನೂ ತೆಗೆದುಕೊಂಡು ಬರುತ್ತಿದ್ದಳು. ಹಾಲು ಮರೆತಿರುತ್ತಿದ್ದಳು.

ಹಾಲಿನ ಬೂತಿನ ಬೋರಮ್ಮ ಮಾತ್ರ ಆಶೀರ್ವಾದ ಮಾಡಲಿಲ್ಲ.

“ಸೊಂಟ ಇಡ್ಕೊಂಡದಾ ಕಣವ್ವ?” ಎಂದಳು.

“ಇಲ್ಲ ಬೋರಮ್ಮ. ಜಪಾನಿ ಕಲೀತಿದೀನಿ.”

“ಅದು ಎಲ್ರಿಗೂ ಬರೋದೇಯ. ಎಳ್ಳೆಣ್ಣೆ ತಿಕ್ಕಿ ಬಿಸ್ನೀರ್ ಉಯ್ಕೊ, ಓಯ್ತದೆ.”

ಮನೆಗೆ ನೆಂಟರು ಬಂದರೆ ತಂದೆ ವಾಗೀಶ ಅವಳನ್ನು ಕರೆದು, ಏನಾದರೂ ಜಪಾನಿಯಲ್ಲಿ ಹೇಳು ಎನ್ನುತ್ತಿದ್ದ. ಆಗ ಅವಳಿಗೆ ಬರುತ್ತಿದ್ದುದು ಇದು ಪೆನ್ಸಿಲ್, ಅದು ಛತ್ರಿ ಎಂಬಷ್ಟೇ. ಅಷ್ಟನ್ನು ಬಾಗಿ ಹೇಳುತ್ತಿದ್ದಳು. ನೆಂಟರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಎಂಥ ಸಂಸ್ಕಾರ ಎನ್ನುತ್ತಿದ್ದರು.

ಓದು ಸಾಗಿತು. ಸೆಂಡೈ ಎಂಬ ಊರಿನ ಭಾಷಾ ಕಾಲೇಜೊಂದು ಅವಳಿಗೆ ಸೀಟು ಕೊಟ್ಟಿತು. ಒಂದು ಕಾಗದ ಮಾತ್ರ ಬಾಕಿ. ಅವಳು ಎಲ್ಲಿ ವಾಸವಾಗಿದ್ದಾಳೆ ಎಂಬುದಕ್ಕೆ ದೃಢೀಕರಣ ಪತ್ರ. ತಿಂಗಳ ಕೊನೆಯೊಳಗೆ ಕಳಿಸಬೇಕು. ಇಲ್ಲವಾದರೆ ಸೀಟು ಬೇರೆಯವರಿಗೆ. ಸಮನ್ವಿತಾ ಆಗಲೇ ಉಣ್ಣೆಯ ಸ್ವೆಟರ್ ಕೊಂಡಿದ್ದಳು. ಮೈಸೂರಿನ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಕೂತು ಅಭ್ಯಾಸ ಮಾಡುತ್ತಿದ್ದಳು.

ಪತ್ರ ಕೊಡುವುದು ಚಾಮರಾಜಪುರಂನಲ್ಲಿರುವ ವಾಸಸ್ಥಳ ದೃಢೀಕರಣ ಕಚೇರಿ. ಮೂರನೇ ಕೌಂಟರಿನಲ್ಲಿ ವಿಷಯ ನಿರ್ವಾಹಕ ಚೆಲುವಯ್ಯ ಕೂತಿದ್ದರು. ಅವಳ ಅರ್ಜಿ ನೋಡಿದರು.

“ನಿಮ್ಮ ಬಡಾವಣೆ ಗ್ರಾಮದ ಪಟ್ಟಿಯಿಂದ ಹೋಗಿದೆ,” ಎಂದರು. “ನಗರದ ಪಟ್ಟಿಗೆ ಬಂದಿಲ್ಲ.”

“ಹಾಗಾದ್ರೆ ನಮ್ಮನೆ ಎಲ್ಲಿದೆ ಸಾರ್?”

“ದಾರೀಲಿದೆ.”

“ಯಾವಾಗ ಬರುತ್ತೆ?”

“ಬರೋದು ಗೊತ್ತಿಲ್ಲಮ್ಮ. ಹೊರಟಿರೋದು ಗ್ಯಾರಂಟಿ.”

ಅವಳ ಹಿಂದೆ ಉದ್ದ ಸಾಲು. ಸಾಲಿನ ಮುಂದೆ ಲಿಂಗಯ್ಯ ಎಂಬ ಜಲ್ಲಿ ವ್ಯಾಪಾರಿ. ಅವನೂ ಬೋಗಾದಿಯವನೇ. ಅವನ ಮನೆಯೂ ದಾರಿಯಲ್ಲಿತ್ತು.

“ಒಂದು ಸೀಲ್ ಒತ್ತಕ್ಕೆ ಎಷ್ಟು ಅಲೆಸೀರಿ?” ಎಂದು ಅವನು ಮೇಜು ಗುದ್ದಿದ. “ನಿಮ್ಮ ಕುರ್ಚೀನೇ ಎತ್ಕೊಂಡ್ ಓಯ್ತೀನಿ ನೋಡಿ. ಅದಾದ್ರೂ ದಾರೀಲಿರ್ಲಿ.”

ಸಾಲು ಗದ್ದಲ ಮಾಡಿತು. ಇಷ್ಟು ಜನರಿಗೆ ತನ್ನಿಂದ ತಡವಾಯಿತಲ್ಲ ಎಂದು ಸಮನ್ವಿತಾಗೆ ಅನ್ನಿಸಿತು. ಇಂಥ ಸಂದರ್ಭಕ್ಕೆ ಟೀಚರ್ ಪಾಠ ಮಾಡಿದ್ದರು. ಅವಳು ಕೌಂಟರಿಗೆ ಬೆನ್ನು ಮಾಡಿ ಸಾಲಿನ ಕಡೆ ತಿರುಗಿದಳು. ಕೈ ಪಕ್ಕಕ್ಕೆ ತಂದಳು. ಸೊಂಟದಿಂದ ಬಾಗಿದಳು.

“ನಿಮಗೆಲ್ಲ ತುಂಬ ತೊಂದರೆಯಾಯಿತು. ನಿಮ್ಮ ಸಮಯ ಹಾಳಾಯಿತು. ತಪ್ಪಾಯಿತು. ದಯವಿಟ್ಟು ಕ್ಷಮಿಸಿ.”

ಗದ್ದಲ ನಿಂತಿತು. ಕೌಂಟರಿನ ಕಡೆಯಿಂದ ಆ ಮಾತು ಬಂದದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲ. ಹುಡುಗಿ ಕಚೇರಿಯವಳೇ ಎಂದುಕೊಂಡರು. ಅವಳು ಏಳಲಿಲ್ಲ. ದೊಡ್ಡವರು ಎದುರಿಗಿದ್ದರು.

ಲಿಂಗಯ್ಯ ಮೇಜಿನ ಮೇಲಿದ್ದ ಕೈ ತೆಗೆದ. “ಏಳವ್ವ,” ಎಂದ. “ನೀನೇನ್ ಮಾಡೀಯೆ ಪಾಪ. ಓಗ್ಲಿ ಬುಡು.” ಹಾಗೆಂದು ಮನೆಗೆ ಹೋದ. ಅವನ ಹಿಂದಿನವರೂ ಹೋದರು. ಒಬ್ಬರು ಹೋಗುವಾಗ ಚೆಲುವಯ್ಯನವರಿಗೆ ಕೈ ಮುಗಿದರು.

ಆ ಕಚೇರಿಯ ಅಧೀಕ್ಷಕರು ಅನಂತಪದ್ಮನಾಭ. ಅವರ ಮುತ್ತಜ್ಜ ಅರಮನೆಯಲ್ಲಿ ಯಾರು ಎಷ್ಟು ಬಾಗಬೇಕು ಎಂಬುದನ್ನು ನೋಡಿಕೊಳ್ಳುತ್ತಿದ್ದವರು. ಸದ್ದು ನಿಂತದ್ದು ಕೇಳಿ ಗಾಬರಿಯಾಗಿ ಅವರು ಕೋಣೆಯಿಂದ ಹೊರಗೆ ಬಂದರು. ಹಜಾರ ಖಾಲಿ ಇತ್ತು.

“ಎಲ್ಲಾರ್ದೂ ಕೆಲಸ ಆಯ್ತೇನ್ರೀ ಚೆಲುವಯ್ಯ?”

“ಯಾರ್ದೂ ಆಗಿಲ್ಲ ಸಾರ್.”

“ಮತ್ತೆ?”

“ಸಮಾಧಾನವಾಗಿ ಹೋದ್ರು.”

ಅಧೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷದ ಸೇವೆಯಲ್ಲಿ ಕಚೇರಿಯ ಉದ್ದೇಶ ಅವರಿಗೆ ಅಂದು ಸ್ಪಷ್ಟವಾಯಿತು.

“ನಾಳೆ ಬಾಮ್ಮ,” ಎಂದು ಸಮನ್ವಿತಾಗೆ ಹೇಳಿದರು. “ನಿನ್ನ ಪತ್ರ ನೋಡೋಣ. ಬಂದಾಗ ಇದೇ ಥರ ಇನ್ನೊಂದು ಸಲ ಮಾಡ್ಬುಡು.”

ಅವಳು ಮರುದಿನ ಬಂದಳು. ಮಾಡಿದಳು. ಅದರ ಮರುದಿನವೂ ಬರಲು ಹೇಳಿದರು. ವಾರ ತುಂಬುವುದರೊಳಗೆ ಕಚೇರಿಯಲ್ಲಿ ಕ್ಷಮಾಪಣಾ ಶಾಖೆ ಆರಂಭವಾಯಿತು. ಗೋಡೆಗೆ ಸುತ್ತೋಲೆ ಅಂಟಿಸಿದರು.

“ವಿಷಯ: ಸಾರ್ವಜನಿಕರ ಕ್ಷಮೆ ಕೋರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿ ವಿಳಂಬವಾಗಿದ್ದಲ್ಲಿ ಕುತ್ತಿಗೆಯವರೆಗೆ, ಕಡತ ಕಾಣೆಯಾಗಿದ್ದಲ್ಲಿ ಸೊಂಟದವರೆಗೆ ಬಾಗತಕ್ಕದ್ದು. ಅರ್ಜಿದಾರರು ಕಾಯುತ್ತಿರುವಾಗಲೇ ಕಾಲವಾಗಿದ್ದಲ್ಲಿ ವಾರಸುದಾರರ ಮುಂದೆ ಪೂರ್ತಿ ಬಾಗತಕ್ಕದ್ದು. ವಾರಸುದಾರರು ಹೆಚ್ಚಿದ್ದಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಒಂದೇ ಸಲ ಬಾಗತಕ್ಕದ್ದು. ಕ್ಷಮೆ ಪಡೆದವರು ಅದೇ ವಿಷಯವಾಗಿ ಮತ್ತೆ ಕಚೇರಿಯನ್ನು ಕೇಳತಕ್ಕದ್ದಲ್ಲ. ಸದರಿ ಕಡತ ವಿಲೇವಾರಿಯಾಗಿದೆ ಎಂದು ಭಾವಿಸತಕ್ಕದ್ದು.”

ನೌಕರರ ಸಂಘ ಆಕ್ಷೇಪಿಸಿತು. ನೇಮಕಾತಿ ಆದೇಶದಲ್ಲಿ ಸೊಂಟದ ಪ್ರಸ್ತಾಪ ಇಲ್ಲ ಎಂದಿತು. ಬಾಗಲೇಬೇಕಾದರೆ ಸೊಂಟ ಭತ್ಯೆ ಕೊಡಬೇಕು. ಬಾಗಿದ್ದಾಗ ಊಟದ ಹೊತ್ತಾದರೆ ಅದನ್ನು ಹೆಚ್ಚುವರಿ ಕೆಲಸ ಎಂದು ಪರಿಗಣಿಸಬೇಕು. ಮಾತುಕತೆ ನಡೆಯಿತು. ಕೊನೆಗೆ ಎಲ್ಲರ ಪರವಾಗಿ ಸಮನ್ವಿತಾ ಒಬ್ಬಳೇ ಬಾಗುವುದು ಎಂದು ಒಪ್ಪಂದವಾಯಿತು. ಚೆಲುವಯ್ಯ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅವಳ ಹುದ್ದೆಯ ಹೆಸರು ಗೌರವ ಕ್ಷಮಾಯಾಚಕಿ. ಗೌರವ ಹುದ್ದೆಯಾದ್ದರಿಂದ ಸಂಬಳ ಇರಲಿಲ್ಲ.

“ನನ್ನ ಪತ್ರ ಸಾರ್?” ಎಂದು ಅವಳು ಕೇಳಿದಳು.

“ಈಗ ಒಳಗಿನವಳೇ ಆಗ್ಬುಟ್ಯಲ್ಲಮ್ಮ,” ಎಂದರು ಅಧೀಕ್ಷಕರು. “ಇನ್ನೇನು ತಡ?”

ಶಾಖೆಗೆ ಒಳ್ಳೆಯ ಹೆಸರು ಬಂತು. ಪತ್ರ ಬೇಡ, ಕ್ಷಮೆ ಸಾಕು ಎಂದು ಬರುವವರು ಹೆಚ್ಚಾದರು. ಲಕ್ಷ್ಮೀಪುರಂನಿಂದ ಚಾಮುಂಡೇಶ್ವರಿ ಎಂಬ ಅಜ್ಜಿ ದಿನವೂ ಆಟೋದಲ್ಲಿ ಬರತೊಡಗಿದರು. ಅವರ ಯಾವ ಅರ್ಜಿಯೂ ಕಚೇರಿಯಲ್ಲಿ ಇರಲಿಲ್ಲ.

“ನಮ್ಮನೆಯವರು ಬದುಕಿರೋ ತನಕ ಒಂದು ಸಲ ತಪ್ಪಾಯ್ತು ಅಂದವರಲ್ಲ,” ಎಂದರು ಅಜ್ಜಿ. “ಇಲ್ಲಿ ಎಷ್ಟು ಚೆನ್ನಾಗಿ ಅಂತಾರೆ. ಇನ್ನೊಂದು ಚೂರು ಬಾಗಮ್ಮ. ಹ್ಞಾ, ಸಾಕು.”

ಬೇಡಿಕೆ ಬಂದ ಕಡೆ ವ್ಯವಸ್ಥೆ ಬರುತ್ತದೆ. ಕಚೇರಿಯ ಹೊರಗೆ ಮರದ ಕೆಳಗೆ ಅರ್ಜಿ ಬರೆದುಕೊಡುತ್ತಿದ್ದ ಮಹದೇವಸ್ವಾಮಿ ಈಗ ಕ್ಷಮೆಯ ವ್ಯವಹಾರ ಹಿಡಿದ. ಸಾಲಿನಲ್ಲಿ ನಿಲ್ಲಲಾಗದವರಿಗೆ ತತ್ಕಾಲ್ ಕ್ಷಮೆ. ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಿಗೆ ಮನೆಗೇ ಕ್ಷಮೆ. “ಒಳಗೆ ಸಿಕ್ಕೋದು ಅಸಲಿ ಬುಡಿ,” ಎಂದು ಅವನೇ ಒಪ್ಪುತ್ತಿದ್ದ. “ನಾನು ಕೊಡೋದೂ ಅದೇ ಮಾಡೆಲ್ಲು.”

ನಕಲಿ ಕ್ಷಮೆ ಹರಡಿತು. ತಡೆಯಲು ಕಚೇರಿ ನಿಯಮ ಬಿಗಿ ಮಾಡಿತು. ಕ್ಷಮೆಗೂ ಅರ್ಜಿ, ಕ್ಷಮೆಗೂ ಟೋಕನ್. ಅರ್ಜಿಯ ಜೊತೆ ವಾಸಸ್ಥಳ ದೃಢೀಕರಣ ಪತ್ರ ಲಗತ್ತಿಸಬೇಕು. ವ್ಯಾಪ್ತಿಯ ಹೊರಗಿನವರ ಮುಂದೆ ಬಾಗುವುದು ಅಧಿಕಾರ ಮೀರಿದಂತೆ ಎಂದು ಸುತ್ತೋಲೆ ವಿವರಿಸಿತು. ಪತ್ರ ಸಿಗದವರಿಗೆ ಕ್ಷಮೆ ಕೇಳಲು ಶುರುವಾದ ಶಾಖೆ ಪತ್ರ ಸಿಕ್ಕವರಿಗೆ ಮಾತ್ರ ಕ್ಷಮೆ ಕೇಳತೊಡಗಿತು. ಇದರಿಂದ ಕೆಲಸದ ಒತ್ತಡ ಕಡಿಮೆಯಾಯಿತು ಎಂದು ಅಧೀಕ್ಷಕರು ಮೇಲಿನವರಿಗೆ ವರದಿ ಬರೆದರು.

ತಿಂಗಳು ಮುಗಿಯುತ್ತಾ ಬಂತು. ಸಮನ್ವಿತಾ ಪಾಠಕ್ಕೆ ಹೋಗಿ ಟೀಚರ್ ಮುಂದೆ ಎಲ್ಲವನ್ನೂ ಹೇಳಿದಳು. ರಮಾಮಣಿ ಕಾಫಿ ಲೋಟ ಕೆಳಗಿಟ್ಟರು.

“ಅಲ್ಲಿ ಬಾಗಿ ಎದ್ದ ಮೇಲೆ ಕೆಲಸ ಮಾಡ್ತಾರೆ ಕಣೇ.”

“ಆ ಪಾಠ ನೀವು ಮಾಡಿಲ್ಲ ಟೀಚರ್.”

“ಅದು ಎರಡನೇ ಪುಸ್ತಕದಲ್ಲಿದೆ. ನೀನು ಮೊದಲ್ನೇ ಪುಸ್ತಕ ಮಾತ್ರ ಅವರಿಗೆ ಕೊಟ್ಬುಟ್ಟಿದೀಯ.” ಲೋಟ ಮತ್ತೆ ಕೈಗೆತ್ತಿಕೊಂಡು ಹೇಳಿದರು. “ನಾಳೆ ಹೋಗಿ ನೆಟ್ಟಗೆ ನಿಂತ್ಕೊ. ಏನಾದ್ರೂ ಆಗ್ಲಿ, ಬಾಗ್ಬೇಡ.”

ಮರುದಿನ ಸಮನ್ವಿತಾ ಮೂರನೇ ಕೌಂಟರಿನಲ್ಲಿ ನೆಟ್ಟಗೆ ನಿಂತಳು. ಪತ್ರ ಕೊಡುವ ತನಕ ಬಾಗುವುದಿಲ್ಲ ಎಂದಳು. ಆ ಹೊತ್ತಿಗೆ ಲಿಂಗಯ್ಯ ಬಂದಿದ್ದ. ಅವನ ಕಡತ ವಿಲೇವಾರಿಯಾಗಿದೆ ಎಂದು ಚೆಲುವಯ್ಯ ಅವನಿಗೆ ತಿಳಿಸಿದ್ದರು.

“ಯಾವಾಗ್ ಆಯ್ತು? ನಂಗ್ ಕಾಗ್ದ ಎಲ್ ಬಂದದೆ?”

“ಕ್ಷಮೆ ತಗೊಂಡ್ರಲ್ಲ.”

“ಕ್ಷಮೆ ತಗೊಂಡೋಗಿ ಬ್ಯಾಂಕಿಗ್ ಕೊಡ್ಲಾ?” ಎಂದ ಲಿಂಗಯ್ಯ. ಮತ್ತೆ ಕುರ್ಚಿಗೆ ಕೈ ಹಾಕಿದ. ಸಾಲು ಅವನ ಹಿಂದೆ ಬಂತು. ಚಾಮುಂಡೇಶ್ವರಿ ಅಜ್ಜಿ, ದಿನದ ಪಾಲು ಸಿಗಲಿಲ್ಲ ಎಂದು ಕೊಡೆಯಿಂದ ಕೌಂಟರು ಬಡಿದರು. ಎಲ್ಲರೂ ಸಮನ್ವಿತಾಳ ಕಡೆ ನೋಡಿದರು. ಅವಳು ಸೀಲಿಂಗ್ ಫ್ಯಾನಿನ ಕಡೆ ನೋಡಿದಳು.

ಅಧೀಕ್ಷಕರು ಹೊರಗೆ ಬಂದರು. ಪರಿಸ್ಥಿತಿ ನೋಡಿದರು. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಸಮನ್ವಿತಾಳ ಎದುರು ನಿಂತು, ಕೈ ಪಕ್ಕಕ್ಕೆ ತಂದು, ಸೊಂಟದಿಂದ ಬಾಗಿದರು. ಮುತ್ತಜ್ಜನ ರಕ್ತ. ಬೆನ್ನು ಎಲ್ಲೂ ಡೊಂಕಾಗಿರಲಿಲ್ಲ.

“ತಪ್ಪಾಯ್ತಮ್ಮ,” ಎಂದರು ನೆಲದ ಕಡೆ.

ನಿವೃತ್ತಿಗೆ ಹತ್ತಿರವಾದ ಹಿರಿಯರು ಬಾಗಿರುವಾಗ ನೆಟ್ಟಗೆ ನಿಲ್ಲುವುದು ಅವಳಿಂದಾಗಲಿಲ್ಲ. ಸೊಂಟ ತಾನೇ ಬಾಗಿತು. ತಲೆ ಅವರಿಗಿಂತ ಒಂದು ಗೇಣು ಕೆಳಗೆ ಹೋಯಿತು. ದೊಡ್ಡವರು ಮೊದಲು ಏಳಬೇಕು. ಅಧೀಕ್ಷಕರಿಗೆ ಈ ನಿಯಮ ಗೊತ್ತಿರಲಿಲ್ಲ. ತಪ್ಪು ಮಾಡಿದವರು ಮೊದಲು ಏಳಬಾರದು ಎಂದು ಅವರೇ ಇನ್ನೊಂದು ಸುತ್ತೋಲೆ ಹೊರಡಿಸಿದ್ದರು. ಇಬ್ಬರೂ ಏಳಲಿಲ್ಲ. ಜನ ಮೊಬೈಲ್ ತೆಗೆದು ಫೋಟೋ ಹಿಡಿದರು. ಊಟದ ಹೊತ್ತಾಯಿತು. ಚೆಲುವಯ್ಯ ಡಬ್ಬಿ ಬಿಚ್ಚಿದರು. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಆ ವಾಸನೆಗೆ ಅಧೀಕ್ಷಕರ ತಲೆ ಸ್ವಲ್ಪ ಎದ್ದಿತು. ಅಷ್ಟಕ್ಕೇ ಸಮನ್ವಿತಾ ಎದ್ದಳು.

“ಪತ್ರ ಕೊಡಿ ಸಾರ್,” ಎಂದಳು.

ಅಧೀಕ್ಷಕರು ಸೊಂಟ ಹಿಡಿದುಕೊಂಡು ಕೂತರು. “ಕೊಡ್ಬೇಕು ಅಂತ ನಂಗೂ ಇದೆಯಮ್ಮ. ನಿಮ್ಮ ಮನೆ ಇನ್ನೂ ಬಂದಿಲ್ವಲ್ಲ.”

ಉತ್ತರ ಚೆಲುವಯ್ಯನವರಿಂದ ಬಂತು. ಕೈ ತೊಳೆದು ಬಂದು ಹೇಳಿದರು.

“ಸಾರ್, ಮನೆ ಎಲ್ಲಾದ್ರೂ ಇರ್ಲಿ. ಈ ಹುಡುಗಿ ಬೆಳಗಿಂದ ಸಂಜೆ ತನಕ ಎಲ್ಲಿರ್ತಾಳೆ?”

“ಇಲ್ಲೇ.”

“ಊಟ ಎಲ್ಲಿ ಮಾಡ್ತಾಳೆ?”

“ಇಲ್ಲೇ.”

“ಹಂಗಾದ್ರೆ ವಾಸ ಎಲ್ಲಿ ಸಾರ್? ಸ್ಥಳ ತನಿಖೆಗೆ ನಾನು ಬಿಸಿಲಲ್ಲಿ ಹೋಗೋ ಹಾಗೂ ಇಲ್ಲ. ಕೂತಲ್ಲಿಂದ್ಲೇ ಕಾಣ್ತದೆ.”

ಚೆಲುವಯ್ಯ ಕೂತಲ್ಲಿಂದ ತನಿಖೆ ಮಾಡಿದರು. ವಾಸ ಕಂಡುಬಂದಿದೆ ಎಂದು ಷರಾ ಬರೆದರು. ಅಧೀಕ್ಷಕರು ಸಹಿ ಹಾಕಿದರು. ಕುಮಾರಿ ಸಮನ್ವಿತಾ, ತಂದೆ ವಾಗೀಶ, ಮೂರನೇ ಕೌಂಟರ್, ವಾಸಸ್ಥಳ ದೃಢೀಕರಣ ಕಚೇರಿ, ಚಾಮರಾಜಪುರಂ, ಇವರು ಮೇಲ್ಕಂಡ ವಿಳಾಸದಲ್ಲಿ ಖಾಯಂ ಆಗಿ ವಾಸವಾಗಿರುತ್ತಾರೆ. ಸಾಲು ಚಪ್ಪಾಳೆ ತಟ್ಟಿತು. ಲಿಂಗಯ್ಯನೂ ತಟ್ಟಿದ. ಬೋಗಾದಿಯವರಲ್ಲಿ ಒಬ್ಬರದಾದರೂ ಮನೆ ಊರು ಸೇರಿತಲ್ಲ ಎಂದ.

ಪತ್ರ ಗಡುವಿನೊಳಗೆ ಸೆಂಡೈ ತಲುಪಿತು. ಕಾಲೇಜು ಒಪ್ಪಿತು. ಸರ್ಕಾರಿ ಕಚೇರಿಯಲ್ಲೇ ವಾಸಿಸುವ ವಿದ್ಯಾರ್ಥಿನಿ ತಮಗೆ ಇದೇ ಮೊದಲು, ಬಹಳ ಸಂತೋಷ ಎಂದು ಬರೆಯಿತು. ಕಾಗದ ಮೂರನೇ ಕೌಂಟರಿಗೇ ಬಂತು. ಸಮನ್ವಿತಾ ಸ್ವೆಟರ್ ಮಡಿಸಿ ಪೆಟ್ಟಿಗೆಗೆ ಹಾಕಿದಳು. ರಮಾಮಣಿ ಟೀಚರ್ ಎರಡನೇ ಪುಸ್ತಕ ಉಡುಗೊರೆ ಕೊಟ್ಟರು. ಅವಳು ಅಧೀಕ್ಷಕರಿಗೆ ಹೇಳಿ ಹೋಗಲು ಬಂದಳು.

“ಹೋಗಿ ಬಾಮ್ಮ,” ಎಂದರು ಅವರು. ಆಮೇಲೆ ಯೋಚಿಸಿದರು. “ಒಂದು ಸಣ್ಣ ವಿಚಾರ. ಕಚೇರಿ ಆವರಣದಲ್ಲಿ ಖಾಯಂ ಆಗಿ ಇರೋದನ್ನೆಲ್ಲ ದಾಸ್ತಾನಿಗೆ ಸೇರಿಸ್ಬೇಕು. ನಿನ್ನನ್ನೂ ಸೇರಿಸಿದೀವಿ. ಪಟ್ಟೀಲಿ ಬೀರುವಿನ ಕೆಳಗೆ, ಗೋಡೆ ಗಡಿಯಾರದ ಮೇಲೆ. ಹೊರಗೆ ಕಳಿಸ್ಬೇಕಾದ್ರೆ ಮೇಲಿನವರ ನಿರಾಕ್ಷೇಪಣಾ ಪತ್ರ ಬೇಕು. ಗಡಿಯಾರ ರಿಪೇರಿಗೆ ಕಳಿಸೋಕೂ ಬರ್ದಿದ್ವಿ.”

“ಗಡಿಯಾರ ಯಾವಾಗ ಹೋಯ್ತು ಸಾರ್?”

“ಹೋಗಿಲ್ಲ. ಪತ್ರ ಬರ್ಬೇಕು.”

ಸಮನ್ವಿತಾ ಅರ್ಜಿ ಕೊಟ್ಟಳು. ಅರ್ಜಿ ಮೇಲಕ್ಕೆ ಹೊರಟಿತು. ತಲುಪಲಿಲ್ಲ. ದಾರಿಯಲ್ಲಿತ್ತು. ಕಾಲೇಜು ತೆರೆಯುವ ದಿನವೂ ಬಂತು. ಸೆಂಡೈನವರು ಒಳ್ಳೆಯ ಜನ. ಬರುವ ತನಕ ಕಂಪ್ಯೂಟರಿನಲ್ಲೇ ಪಾಠ ಕೇಳಿ ಎಂದರು. ಅವಳು ಕೌಂಟರಿನ ಹಿಂದೆ ಕೂತು ಪಾಠ ಕೇಳತೊಡಗಿದಳು. ಸಾಲಿನವರಿಗೂ ಕಿವಿಗೆ ಬೀಳುತ್ತಿತ್ತು. ಈಗ ಅಲ್ಲಿ ಟೋಕನ್ ಸಂಖ್ಯೆಯನ್ನು ಜಪಾನಿಯಲ್ಲಿ ಕೂಗುತ್ತಾರೆ. ಜನರಿಗೆ ಅರ್ಥವಾಗುವುದಿಲ್ಲ. ಮೊದಲು ಕೂಗುತ್ತಿದ್ದುದೂ ಅರ್ಥವಾಗುತ್ತಿರಲಿಲ್ಲ.

ಆದರೂ ಅವಳಿಗೆ ಹೋಗಬೇಕಿತ್ತು. ಒಂದು ದಿನ ಸುತ್ತೋಲೆಯನ್ನು ಪೂರ್ತಿ ಓದಿದಳು. ಅರ್ಜಿ ವಿಳಂಬವಾಗಿದ್ದಲ್ಲಿ ಅರ್ಜಿದಾರರು ಕ್ಷಮೆಗೆ ಅರ್ಹರು. ವಾಸಸ್ಥಳ ದೃಢೀಕರಣ ಪತ್ರ ಇರಬೇಕು. ಬೋಗಾದಿಯ ಆ ಬಡಾವಣೆಯಲ್ಲಿ ಅದು ಇದ್ದದ್ದು ಅವಳೊಬ್ಬಳಲ್ಲೇ. ತನ್ನ ಅರ್ಜಿಯ ವಿಳಂಬಕ್ಕೆ ಕಚೇರಿ ಕ್ಷಮೆ ಕೇಳಲಿ ಎಂದು ಅರ್ಜಿ ಬರೆದಳು. ತಾವೇ ಬಾಗಬೇಕಾಗಿ ಬಂದರೆ ಕಡತ ಮುಂದೆ ಹೋದೀತು ಎಂದುಕೊಂಡಳು. ಟೋಕನ್ ತೆಗೆದುಕೊಂಡಳು. ಕೌಂಟರಿನಿಂದ ಹೊರಗೆ ಬಂದು ಸಾಲಿನಲ್ಲಿ ನಿಂತಳು. ಅವಳ ಮುಂದೆ ಲಿಂಗಯ್ಯ. ಮನೆ ಎಲ್ಲಿಗೆ ಬಂತು ಎಂದು ವಿಚಾರಿಸಲು ವಾರಕ್ಕೊಮ್ಮೆ ಬರುತ್ತಿದ್ದ. ಅವಳನ್ನು ನೋಡಿ ಮುಂದೆ ಬಿಟ್ಟ.

ಅವಳ ಸಂಖ್ಯೆ ಬಂತು. ಚೆಲುವಯ್ಯ ಅರ್ಜಿ ನೋಡಿದರು. ಎಲ್ಲ ಸರಿಯಾಗಿತ್ತು.

“ಕ್ಷಮೆ ಕೇಳ್ಬೇಕಾದೋರು ಮೂರನೇ ಕೌಂಟರಿನೋರು,” ಎಂದರು. “ಒಳಗೆ ಬಾಮ್ಮ.”

ಸಮನ್ವಿತಾ ಒಳಗೆ ಹೋದಳು. ಹೊರಗೆ ತಾನು ನಿಂತಿದ್ದ ಜಾಗ ಖಾಲಿ ಇತ್ತು. ಅದನ್ನು ನೋಡಿದಳು. ಕೈ ಪಕ್ಕಕ್ಕೆ ತಂದು, ಬೆನ್ನು ನೆಟ್ಟಗೆ ಇಟ್ಟು ಬಾಗಿದಳು. ವಿಳಂಬಕ್ಕೆ ಕುತ್ತಿಗೆಯವರೆಗೆ ಸಾಕಿತ್ತು. ಅವಳು ಸೊಂಟದವರೆಗೆ ಬಾಗಿದಳು.

“ನಿಮಗೆ ತುಂಬ ತೊಂದರೆಯಾಯಿತು. ನಿಮ್ಮ ಸಮಯ ಹಾಳಾಯಿತು. ದಯವಿಟ್ಟು ಕ್ಷಮಿಸಿ.”

ಆಮೇಲೆ ಹೊರಗೆ ಬಂದು ಆ ಜಾಗದಲ್ಲಿ ನಿಂತಳು. ಕ್ಷಮಿಸುವುದೋ ಬೇಡವೋ ಎಂದು ಯೋಚಿಸಿದಳು. ಸಾಲು ಕಾದಿತ್ತು. ಚಾಮುಂಡೇಶ್ವರಿ ಅಜ್ಜಿ, ಇವತ್ತಿನದು ಬಹಳ ಚೆನ್ನಾಗಿತ್ತು ಎಂದರು. ಅಧೀಕ್ಷಕರು ಕೋಣೆಯ ಬಾಗಿಲಿಗೆ ಬಂದು ನಿಂತರು.

ಲಿಂಗಯ್ಯ ಅವಳ ಹೆಗಲು ಮುಟ್ಟಿದ.

“ಓಗ್ಲಿ ಬುಡವ್ವ,” ಎಂದ. “ಆ ಮಗು ಅಷ್ಟು ಕೇಳ್ಕತಾ ಅದೆ.”

ಸಮನ್ವಿತಾ ತಲೆಯಾಡಿಸಿದಳು. ಪರವಾಗಿಲ್ಲ ಎಂದಳು. ಚೆಲುವಯ್ಯ ಅವಳ ನಿರಾಕ್ಷೇಪಣಾ ಪತ್ರದ ಕಡತದ ಮೇಲೆ ವಿಲೇವಾರಿ ಎಂದು ಬರೆದು ಸೀಲು ಒತ್ತಿದರು. ಅವಳು ಒಳಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತು ಮುಂದಿನ ಸಂಖ್ಯೆ ಕೂಗಿದಳು.